ರುಂಡ ಷೋಕೇಸಿಗೆ, ಮುಂಡ ಮೋರಿಗೆ

ಇಂದಿರಾನಗರದಲ್ಲಿ ಬುದ್ಧನಿಗೆ ಮೈಯಿಲ್ಲ. ತಲೆ ಮಾತ್ರ ಇದೆ.

ನೂರಡಿ ರಸ್ತೆಯಲ್ಲಿ ಒಂದು ಸಂಜೆ ನಡೆದು ನೋಡಿ. ಬಿಯರ್ ಮಾರುವಲ್ಲಿ ಬುದ್ಧನ ತಲೆ. ಕೂದಲು ಕತ್ತರಿಸುವಲ್ಲಿ ಬುದ್ಧನ ತಲೆ. ಉಗುರಿಗೆ ಬಣ್ಣ ಹಚ್ಚುವಲ್ಲೂ ಬುದ್ಧನ ತಲೆ. ಪಕ್ಕದಲ್ಲಿ ಒಂದು ಪುಟ್ಟ ಮೋಟರು, ಬಿದಿರಿನ ಕೊಳವೆ, ಸುಮ್ಮನೆ ಸುರಿಯುವ ನೀರು. ಆಸೆ ಬಿಡಿ ಎಂದು ಊರೂರು ತಿರುಗಿ ಹೇಳಿದವನನ್ನು ಹಿಡಿದು ತಂದು ಆಸೆಯ ಅಂಗಡಿಗೆ ಸ್ವಾಗತಕಾರನನ್ನಾಗಿ ನಿಲ್ಲಿಸಿದ್ದೇವೆ. ಸಂಬಳವೂ ಇಲ್ಲ.

ಹೋದ ತಿಂಗಳು ಆ ಕಡೆ ಒಂದು ಗೃಹಪ್ರವೇಶದ ಊಟ. ಗೇಟಿನ ಮುಂದೆ ಮೋರಿ ಕಟ್ಟಿಕೊಂಡಿತ್ತು. ಇಬ್ಬರು ಕೂಲಿಗಳು ಚಪ್ಪಡಿ ಎಬ್ಬಿಸಲು ಹಾರೆ ಹಾಕುತ್ತಿದ್ದರು. ಮೂಗು ಮುಚ್ಚಿಕೊಂಡು, ಚಪ್ಪಡಿ ತುಳಿದುಕೊಂಡು ಒಳಗೆ ಹೋದೆ. ಒಳಗೆ ಚಂದನದ ವಾಸನೆ. ನಾಗರಿಕತೆ ಅಂದರೆ ಇದೇ. ಮೋರಿಗೂ ಮನೆಗೂ ನಡುವೆ ಒಂದು ಗೇಟು.

ಗೇಟಿನ ಎರಡೂ ಬದಿಗೆ ಕಲ್ಲಿನ ದ್ವಾರಪಾಲಕರು. ಆಳೆತ್ತರ. ಕಾಲ ಬುಡದಿಂದ ದೀಪ ಹಾಯಿಸಿದ್ದರು. ಮಳೆ ಬೀಳದಂತೆ ತಲೆಯ ಮೇಲೆ ಗಾಜಿನ ಚಾವಣಿ. ನಿಜವಾದ ದ್ವಾರಪಾಲಕ ಅಲ್ಲೇ ಪಕ್ಕದಲ್ಲಿದ್ದ. ಖಾಕಿ ಅಂಗಿ, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಗೆ ಇಟ್ಟಿಗೆಯ ಊರೆ. ತಲೆಯ ಮೇಲೆ ಆಕಾಶ.

ಮನೆಯೊಡೆಯರು ಊಟಕ್ಕೆ ಮುಂಚೆ ಎಲ್ಲರಿಗೂ ವಿಗ್ರಹದರ್ಶನ ಮಾಡಿಸಿದರು. ನಟರಾಜ ಮನೆಯೊಳಗಿದ್ದರೆ ಗಂಡಹೆಂಡಿರ ಜಗಳವಂತೆ. ಅದಕ್ಕೆ ಅವನನ್ನು ಲಿಫ್ಟಿನ ಪಕ್ಕ ಇಟ್ಟಿದ್ದರು. ಗಣಪತಿ ಬಲಮುರಿಯಾದರೆ ಮಡಿ ಹೆಚ್ಚು. ಅದಕ್ಕೆ ಎಡಮುರಿ. ವಾಸ್ತುವಿನವರು ಹೇಳಿದ ಮೂಲೆ, ಒಳಾಂಗಣದವರು ಹೇಳಿದ ಬಣ್ಣ. ಕಡೆಗೆ ಹಾಲಿನ ನಟ್ಟನಡುವೆ, ಕರಿಯ ಪೀಠದ ಮೇಲೆ, ಎರಡಡಿಯ ಬುದ್ಧನ ತಲೆ.

“ಇದು ನನ್ನ ಬೆಸ್ಟ್ ಪೀಸ್ ಸಾರ್.”

ಪೀಸ್. ಶಾಂತಿಗೂ ಪೀಸು, ತುಂಡಿಗೂ ಪೀಸು. ಅವರು ಕೊಂಡದ್ದು ಎರಡನೆಯದು. ಅಂದುಕೊಂಡದ್ದು ಮೊದಲನೆಯದು.

“ಮೈ ಎಲ್ಲಿದೆ ಸಾರ್?” ಎಂದೆ.

“ಯಾವ ಮೈ? ಇಷ್ಟೇ ಬರೋದು. ಕಂಪ್ಲೀಟ್ ಪೀಸ್ ಅದು.”

ಅವರ ತಪ್ಪಲ್ಲ. ತಲೆ ಮಾತ್ರ ಯಾಕೆ ಬರುತ್ತದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಹೇಳಿದರೆ ಮಾರಾಟವಾಗುವುದಿಲ್ಲ.

ಚೀನಾದ ತಿಯಾನ್‌ಲಾಂಗ್‌ಶಾನ್ ಗುಹೆಗಳಲ್ಲಿ, ಲಾಂಗ್‌ಮೆನ್ ಗುಹೆಗಳಲ್ಲಿ ಬುದ್ಧರನ್ನು ಬಂಡೆಯಲ್ಲೇ ಕಡೆದಿದ್ದರು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಹೊರದೇಶದ ಸಿರಿವಂತರಿಗೆ ಅವು ಬೇಕಾದವು. ಬಂಡೆಗೆ ಅಂಟಿದ ಮೈಯನ್ನು ಹೊತ್ತು ತರುವುದು ಹೇಗೆ? ಕತ್ತು ತೆಳ್ಳಗಿರುತ್ತದೆ. ಒಂದು ಉಳಿ, ನಾಲ್ಕು ಪೆಟ್ಟು. ತಲೆ ಮೂಟೆಗೆ ಹೋಯಿತು. ಮೈ ಗುಹೆಯಲ್ಲೇ ಉಳಿಯಿತು. ಜಗತ್ತಿನ ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಆ ತಲೆಗಳು ಇಂದಿಗೂ ಕಣ್ಣು ಅರೆಮುಚ್ಚಿಕೊಂಡು ಕೂತಿವೆ. ನಾವು ಅದನ್ನು ಧ್ಯಾನ ಎನ್ನುತ್ತೇವೆ.

ಕಳ್ಳನ ಅನುಕೂಲವೇ ಬರಬರುತ್ತ ಧನಿಕನ ಅಭಿರುಚಿಯಾಯಿತು. ಈಗ ಕದಿಯಬೇಕಾಗಿಲ್ಲ. ಕತ್ತರಿಸಿದ ಹಾಗೆಯೇ ಫೈಬರಿನಲ್ಲಿ ಎರಕ ಹೊಯ್ಯುತ್ತಾರೆ. ಕೊರಳಿನ ಗಾಯ ಕೂಡ ಅಚ್ಚಿನೊಳಗೇ ಬರುತ್ತದೆ.

ಇದು ಹೊಸ ರೋಗವಲ್ಲ. ರೋಮಿನವರಿಗೂ ಇತ್ತು.

ಕ್ರಿಸ್ತಪೂರ್ವ 146ರಲ್ಲಿ ಮುಮ್ಮಿಯಸ್ ಎಂಬ ದಂಡನಾಯಕ ಗ್ರೀಸಿನ ಕೊರಿಂತ್ ನಗರವನ್ನು ಸೂರೆಮಾಡಿದ. ಪ್ರಾಚೀನ ಶಿಲ್ಪಗಳನ್ನು ಹಡಗಿಗೆ ತುಂಬಿಸಿದ. ಸಾಗಿಸುವವರಿಗೆ ಎಚ್ಚರಿಕೆಯನ್ನೂ ಕೊಟ್ಟನಂತೆ: ದಾರಿಯಲ್ಲಿ ಕಳೆದುಹಾಕಿದರೆ ಅಷ್ಟೇ ಸಂಖ್ಯೆಯ ಹೊಸವನ್ನು ನೀವೇ ತಂದುಕೊಡಬೇಕು! ಎರಡು ಸಾವಿರ ವರ್ಷದಿಂದ ಈ ಕತೆ ಹೇಳಿ ಜನ ನಗುತ್ತಿದ್ದಾರೆ. ನಗುವವರ ಹಾಲಿನಲ್ಲಿ ಫೈಬರ್ ಬುದ್ಧ.

ಕ್ರಿಸ್ತಪೂರ್ವ 70ರಲ್ಲಿ ವೆರೆಸ್ ಎಂಬ ಗವರ್ನರನ ಮೇಲೆ ಮೊಕದ್ದಮೆ ನಡೆಯಿತು. ಸಿಸಿಲಿಯಲ್ಲಿ ಗುಡಿ ಬಿಡಲಿಲ್ಲ, ಮನೆ ಬಿಡಲಿಲ್ಲ, ಕಂಡ ವಿಗ್ರಹವನ್ನೆಲ್ಲ ಬಳಿದುಕೊಂಡಿದ್ದ. ವಕೀಲ ಸಿಸೆರೊ ಗುಡುಗಿದ. ವೆರೆಸ್ ತೀರ್ಪಿಗೂ ಕಾಯದೆ ರೋಮ್ ಬಿಟ್ಟು ಓಡಿದ. ಮೂರು ನಾಲ್ಕು ವರ್ಷ ಕಳೆದಿರಲಿಲ್ಲ, ಅದೇ ಸಿಸೆರೊ ಅಥೆನ್ಸಿನಲ್ಲಿದ್ದ ಗೆಳೆಯ ಅಟಿಕಸ್‌ನಿಗೆ ಕಾಗದದ ಮೇಲೆ ಕಾಗದ ಬರೆಯತೊಡಗಿದ. ತೋಟದ ಮನೆಗೆ ಒಪ್ಪುವ ವಿಗ್ರಹ ಹುಡುಕು. ಸಿಕ್ಕಷ್ಟೂ ಕಳಿಸು. ಬೇಗ ಕಳಿಸು. ಒಂದು ಕಂತಿಗೆ 20,400 ಸೆಸ್ಟರ್ಸ್ ಕೊಟ್ಟ. ಇನ್ನೊಬ್ಬ ಗೆಳೆಯ ಮದ್ಯದೇವತೆಯ ಸಖಿಯರನ್ನು ಕೊಂಡುಕೊಟ್ಟರೆ ಮುಖ ಸಿಂಡರಿಸಿದ. ತನ್ನ ಓದುವ ಕೋಣೆಗೆ ಅವು ಹೊಂದುವುದಿಲ್ಲವಂತೆ.

ವೆರೆಸ್ ದುಡ್ಡು ಕೊಡಲಿಲ್ಲ. ಸಿಸೆರೊ ಕೊಟ್ಟ. ಇಬ್ಬರ ನಡುವೆ ಇದ್ದ ವ್ಯತ್ಯಾಸ ಒಂದು ರಶೀದಿ.

ಇಂಗ್ಲೆಂಡಿನವರು ಈ ರಶೀದಿಯನ್ನು ರಾಷ್ಟ್ರೀಕರಣ ಮಾಡಿದರು. ಚಾರ್ಲ್ಸ್ ಟೌನ್ಲಿ ಎಂಬ ಜಮೀನುದಾರ ಇಟಲಿಯಿಂದ ಅಮೃತಶಿಲೆ ತಂದು ಲಂಡನ್ನಿನ ಮನೆ ತುಂಬಿಸಿದ. 1780ರ ಗಲಭೆಯಲ್ಲಿ ಮನೆ ಬಿಟ್ಟು ಓಡುವಾಗ ಒಂದು ಹೆಣ್ಣಿನ ಅರ್ಧಪ್ರತಿಮೆಯನ್ನು ಹೊತ್ತುಕೊಂಡು ಓಡಿದನೆಂದೂ, ಅದನ್ನು ತನ್ನ ಹೆಂಡತಿ ಎನ್ನುತ್ತಿದ್ದನೆಂದೂ ಕತೆ. ಮದುವೆ ಮಾತ್ರ ಆಗಿರಲಿಲ್ಲ. ಅವನು ಸತ್ತ 1805ರಲ್ಲಿ ಬ್ರಿಟಿಷ್ ಮ್ಯೂಸಿಯಂ 20,000 ಪೌಂಡ್ ಕೊಟ್ಟು ಆ ಸಂಸಾರವನ್ನು ಕೊಂಡಿತು. 1816ರಲ್ಲಿ ಎಲ್ಗಿನ್ ಸಾಹೇಬ ಅಥೆನ್ಸಿನ ಗುಡಿಯಿಂದ ಇಳಿಸಿ ತಂದ ಶಿಲ್ಪಗಳಿಗೆ 35,000. ಗ್ರೀಸಿನವರು ಇವತ್ತಿಗೂ ಕೇಳುತ್ತಿದ್ದಾರೆ. ಲಂಡನ್ನಿನವರು ಇವತ್ತಿಗೂ ರಶೀದಿ ತೋರಿಸುತ್ತಿದ್ದಾರೆ.

ನಮ್ಮ ದೇಶದ ಕತೆ ಇನ್ನೂ ಸೊಗಸು. ಕಲ್ಕತ್ತೆಯಲ್ಲಿ ಚಾರ್ಲ್ಸ್ ಸ್ಟುವರ್ಟ್ ಎಂಬ ಮೇಜರ್ ಜನರಲ್. ಜನ ಅವನನ್ನು ಹಿಂದೂ ಸ್ಟುವರ್ಟ್ ಎಂದೇ ಕರೆದರು. ಗಂಗೆಯಲ್ಲಿ ಮೀಯುತ್ತಿದ್ದ. ವಿಗ್ರಹಗಳನ್ನು ಪ್ರೀತಿಸುತ್ತಿದ್ದ. ಎಷ್ಟು ಪ್ರೀತಿ ಎಂದರೆ, ಎಲ್ಲವನ್ನೂ ತನ್ನ ಮನೆಗೆ ತಂದಿಟ್ಟುಕೊಂಡ. 1828ರಲ್ಲಿ ಸತ್ತಾಗ ಗೋರಿಯನ್ನೂ ಗುಡಿಯ ಆಕಾರದಲ್ಲೇ ಕಟ್ಟಿದರು. ಶಿಲ್ಪಗಳು ಲಂಡನ್ನಿನಲ್ಲಿ ಹರಾಜಾಗಿ, ಕೈಬದಲಾಗಿ, 1872ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಭಕ್ತನಿಗೆ ಕಲ್ಕತ್ತೆ. ದೇವರಿಗೆ ಲಂಡನ್.

ಇನ್ನು ನಮ್ಮ ಬೆಂಗಳೂರಿನ ದಂಡು. 1809ರಲ್ಲಿ ಬ್ರಿಟಿಷರ ದಂಡು ಬಂದು ಹಲಸೂರಿನ ಬದಿಯಲ್ಲಿ ಬಿಡಾರ ಹೂಡಿತು. ದಂಡಿನ ಹಿಂದೆ ಚರ್ಚು, ಕ್ಲಬ್ಬು, ಮೈದಾನ ಬಂದವು. 1865ರಲ್ಲಿ ಡಾಕ್ಟರ್ ಎಡ್ವರ್ಡ್ ಬಾಲ್ಫೋರನ ಮುತುವರ್ಜಿಯಿಂದ ಮ್ಯೂಸಿಯಮ್ಮೂ ಬಂತು. ಎಲ್ಲಿ ತೆರೆದರು ಗೊತ್ತೆ? ದಂಡಿನ ಜೈಲಿನ ಕಟ್ಟಡದಲ್ಲಿ. ಮ್ಯೂಸಿಯಂ ರೋಡಿಗೆ ಆ ಹೆಸರು ಹಾಗೆ ಬಂತು. ಆಮೇಲೆ ಕರ್ನಲ್ ಸ್ಯಾಂಕಿ ಕೆಂಪು ಕಟ್ಟಡ ಕಟ್ಟಿಸಿದ, ಮ್ಯೂಸಿಯಂ ಈಗಿನ ಕಸ್ತೂರಬಾ ರಸ್ತೆಗೆ ಹೋಯಿತು. ಆದರೂ ಮೊದಲ ಜಾಗವೇ ಸರಿಯಾಗಿತ್ತು. ತಪ್ಪು ಮಾಡದೆ ಒಳಗೆ ಹೋದವರಿಗೆ ಜೈಲಿನಷ್ಟು ಹೊಂದುವ ಮನೆ ಯಾವುದು?

ದಂಡಿನ ದೊಡ್ಡವರಿಗೆ ನಮ್ಮ ವಿಗ್ರಹ ಒಳಗಿರಬೇಕು, ತಮ್ಮ ವಿಗ್ರಹ ಹೊರಗಿರಬೇಕು. ಮಾರ್ಕ್ ಕಬ್ಬನ್ ಕುದುರೆ ಏರಿದ್ದು 1866ರಲ್ಲಿ. ರೂಪಿಸಿದವನು ಮಾರೊಚೆಟ್ಟಿ. ಅಠಾರಾ ಕಚೇರಿಯ ಮುಂದೆ ದಶಕಗಟ್ಟಲೆ ಠೀವಿಯಿಂದ ನಿಂತ. 2020ರಲ್ಲಿ ಎಬ್ಬಿಸಿ ಪಾರ್ಕಿನೊಳಕ್ಕೆ ಕಳಿಸಿದರು. ಇಪ್ಪತ್ತೇಳು ವರ್ಷ ಕಮಿಷನರ್ ಆಗಿದ್ದವನಿಗೂ ವರ್ಗಾವಣೆ ತಪ್ಪಲಿಲ್ಲ. ವಿಕ್ಟೋರಿಯಾ ರಾಣಿಯನ್ನು ಥಾಮಸ್ ಬ್ರಾಕ್ ಕಡೆದ, 1906ರಲ್ಲಿ ಆಕೆಯ ಮೊಮ್ಮಗನೇ ಬಂದು ಪರದೆ ಸರಿಸಿದ. ಜೊತೆಗೆ ಆಕೆಯ ಮಗ ಎಡ್ವರ್ಡ್. ಚಾಮರಾಜೇಂದ್ರ ಒಡೆಯರು. ದಿವಾನ್ ಶೇಷಾದ್ರಿ ಅಯ್ಯರ್. ಕಬ್ಬನ್ ಪಾರ್ಕು ಪೋಷಕರ ವೃದ್ಧಾಶ್ರಮ. ಭಾನುವಾರ ಮೊಮ್ಮಕ್ಕಳು ಬರುತ್ತಾರೆ. ಅವರ ಬೆನ್ನಿಗೆ ಒರಗಿ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ.

ನಗಬೇಡಿ. ಇವರನ್ನೆಲ್ಲ ಬೈಯುವ ನಾವು ಕಲಿತದ್ದು ಇವರಿಂದಲೇ.

ಕಲಿಯಬೇಕಾದ ಬೇರೆ ಮೇಷ್ಟ್ರು ಮನೆಯಲ್ಲೇ ಇದ್ದರು. ಹತ್ತನೆಯ ಶತಮಾನದಲ್ಲಿ ಚಾವುಂಡರಾಯ ಶ್ರವಣಬೆಳಗೊಳದ ಬೆಟ್ಟದ ಮೇಲೆ 57 ಅಡಿಯ ಗೊಮ್ಮಟನನ್ನು ಮಾಡಿಸಿದ. ತಾನು ಮಾಡಿಸಿದ್ದೆಂದು ಬರೆಸಿಕೊಂಡ ಕೂಡ. ಎಲ್ಲಿ? ಮೂರ್ತಿಯ ಕಾಲಬುಡದಲ್ಲಿ. ಓದಬೇಕಾದರೆ ತಲೆ ತಗ್ಗಿಸಬೇಕು. 1121ರಲ್ಲಿ ಹಳೇಬೀಡಿನ ಗುಡಿ ಎದ್ದಾಗ ಮುಂದೆ ನಿಂತವನು ಕೇತಮಲ್ಲ. ದೊಡ್ಡ ಅಧಿಕಾರಿ. ಶಿಲ್ಪದ ಹುಚ್ಚು ಅವನಿಗೂ ಇತ್ತು. ಗೋಡೆ ತುಂಬ ಕಡೆಸಿದ, ಆದರೆ ಊರಿನ ಗೋಡೆ. ಗೋಡೆಯ ಹೊರಮೈ. ದನ ಕಾಯುವವನೂ ನಿಂತು ನೋಡಬಹುದಾಗಿತ್ತು. ಅಪಾಯಿಂಟ್‌ಮೆಂಟ್ ಬೇಕಿರಲಿಲ್ಲ.

ಹೊಯ್ಸಳರ ಗುಡಿಗಳಲ್ಲಿ ಶಿಲ್ಪಿಯೂ ಸಹಿ ಹಾಕುತ್ತಿದ್ದ. ಬಳ್ಳಿಗಾವಿಯ ದಾಸೋಜ. ಅವನ ಮಗ ಚಾವಣ. ಮಲ್ಲಿತಮ್ಮ. ಇಷ್ಟು ಶತಮಾನಗಳ ಮೇಲೂ ಅವರ ಹೆಸರು ನಮಗೆ ಗೊತ್ತು. ಹೋದ ವರ್ಷ ನಿಮ್ಮ ಸರ್ಕಲ್ಲಿನಲ್ಲಿ ಎದ್ದ ಪ್ರತಿಮೆ ಮಾಡಿದವರು ಯಾರು? ಗೊತ್ತಿಲ್ಲ. ಅನಾವರಣ ಮಾಡಿದವರು ಗೊತ್ತು. ಅಧ್ಯಕ್ಷತೆ ಗೊತ್ತು. ಘನ ಉಪಸ್ಥಿತಿ ಗೊತ್ತು. ಗೌರವ ಉಪಸ್ಥಿತಿಯೂ ಗೊತ್ತು. ಪ್ರತಿಮೆಗಿಂತ ಕಲ್ಲುಫಲಕ ಅಗಲ.

ಅನಾವರಣ ಎಂದ ಕೂಡಲೇ ಹಲಸೂರು ನೆನಪಾಗಲೇಬೇಕು. ಅಲ್ಲಿ ಕೆರೆಯ ಬಳಿ ತಿರುವಳ್ಳುವರ್ ಪ್ರತಿಮೆ 1991ರಲ್ಲೇ ಸಿದ್ಧವಾಗಿತ್ತು. 2009ರ ತನಕ ಮುಸುಕು ತೆಗೆಯಲಾಗಲಿಲ್ಲ. 18 ವರ್ಷ. ಬಾಳುವೆ ಕುರಿತು 1,330 ಕುರಳ್ ಬರೆದ ಕವಿಯನ್ನು ಮುಖ ಮುಚ್ಚಿ, ಆಪಾದಿತನ ಹಾಗೆ ನಿಲ್ಲಿಸಿದ್ದರು. ಕೊನೆಗೆ ಇಬ್ಬರು ಮುಖ್ಯಮಂತ್ರಿಗಳು ಕೂತು ಸಾಟಿ ಮದುವೆ ಕುದುರಿಸಿದರು. ಆಗಸ್ಟ್ 9ಕ್ಕೆ ಇಲ್ಲಿ ತಿರುವಳ್ಳುವರ್. ಆಗಸ್ಟ್ 13ಕ್ಕೆ ಚೆನ್ನೈಯ ಅಯನಾವರಂನಲ್ಲಿ ಸರ್ವಜ್ಞ. ತಿರಿದುಂಡು ಊರೂರು ಅಲೆದ ಸರ್ವಜ್ಞನನ್ನು ಒಂದು ಕಡೆ ಕದಲದಂತೆ ನಿಲ್ಲಿಸಿದ ಕೀರ್ತಿ ಸರ್ಕಾರಗಳದು. ಅಂದು ಕೈಕುಲುಕಿದವರಲ್ಲಿ ಎಷ್ಟು ಮಂದಿ ಇಬ್ಬರನ್ನೂ ಓದಿದ್ದರೋ, ಕೇಳುವುದು ಅಸಭ್ಯತೆ.

ಮತ್ತೆ ನಮ್ಮ ಸಂಗ್ರಾಹಕರ ವಿಷಯಕ್ಕೆ ಬರೋಣ. ಈ ವ್ಯಾಪಾರದಲ್ಲಿ ಒಂದು ಅದ್ಭುತವಿದೆ. ಅಂಗಡಿಯಲ್ಲಿ ಹೊಸ ವಿಗ್ರಹ ಹಳೆಯದಾಗುತ್ತದೆ. ಆಸಿಡ್ ಬಳಿಯುತ್ತಾರೆ, ಮಣ್ಣಲ್ಲಿ ಹೂಳುತ್ತಾರೆ, ಮೂಗಿನ ತುದಿ ಮುಕ್ಕು ಮಾಡುತ್ತಾರೆ. ಆರು ತಿಂಗಳಿಗೆ ಆರುನೂರು ವರ್ಷ. ಹಡಗು ಹತ್ತುವಾಗ ತಿರುಗುಮುರುಗು. ನಿಜವಾಗಿ ಹಳೆಯದಾದ ವಿಗ್ರಹ ಕಾಗದದಲ್ಲಿ ಹೊಸದಾಗುತ್ತದೆ. ‘ಕರಕುಶಲ ವಸ್ತು.’ ಕೊಳ್ಳುವವನ ಮುಂದೆ ಸುಳ್ಳು ವಯಸ್ಸು, ಕಸ್ಟಮ್ಸಿನವರ ಮುಂದೆ ಸುಳ್ಳು ಬಾಲ್ಯ.

ಕಾನೂನಿಲ್ಲವೇ? ಇದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ. ನೂರು ವರ್ಷ ದಾಟಿದ ಶಿಲ್ಪ ಮನೆಯಲ್ಲಿದ್ದರೆ ನೋಂದಾಯಿಸಬೇಕು. ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ನೋಂದಣಿಯಾಗಿದೆಯೇ ಎಂದು ಯಾರ ಮನೆಯಲ್ಲಾದರೂ ಕೇಳಿ ನೋಡಿ. “ರೆಪ್ಲಿಕಾ ಸಾರ್” ಎನ್ನುತ್ತಾರೆ. ಎರಡು ಪೆಗ್ಗಿನ ನಂತರ ಅದೇ ವಿಗ್ರಹ ಹೊಯ್ಸಳರ ಕಾಲದ್ದು.

ತಮಿಳುನಾಡಿನ ಶ್ರೀಪುರಂತಾನ್ ಎಂಬ ಹಳ್ಳಿಯ ಪಾಳು ಗುಡಿಯಿಂದ ಚೋಳರ ನಟರಾಜ ಕಳುವಾದ. ಎರಡು ವರ್ಷ ಊರಿಗೆ ಗೊತ್ತೇ ಆಗಲಿಲ್ಲ. ಬಾಗಿಲು ತೆಗೆಯುವವರೇ ಇರಲಿಲ್ಲ. 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಮಾರಿದವನು ನ್ಯೂಯಾರ್ಕಿನ ಸುಭಾಷ್ ಕಪೂರ್. 2011ರಲ್ಲಿ ಸಿಕ್ಕಿಬಿದ್ದ, 2022ರಲ್ಲಿ ಕುಂಭಕೋಣದ ಕೋರ್ಟು ಹತ್ತು ವರ್ಷ ಜೈಲು ವಿಧಿಸಿತು. 2014ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯೇ ನಟರಾಜನನ್ನು ತಂದೊಪ್ಪಿಸಿದರು. ನಮಗೆ ಹೆಮ್ಮೆಯೋ ಹೆಮ್ಮೆ. ಗುಡಿಯಲ್ಲಿದ್ದಾಗ ಯಾರೂ ದೀಪ ಹಚ್ಚಲಿಲ್ಲ. ಕದ್ದವನು ಬೆಲೆ ಹೇಳಿದ ಮೇಲೆ ನಟರಾಜ ನಮ್ಮ ಪರಂಪರೆಯಾದ.

ಇದೇ ಊರಲ್ಲಿ, ಬೆನ್ಸನ್ ಟೌನಿನ ಬಗಲಲ್ಲಿ, ಪಾಟರಿ ಟೌನ್ ಇದೆ. ಕುಂಬಾರರ ಬೀದಿ. ತಲೆಮಾರುಗಳಿಂದ ಮಣ್ಣಿನಲ್ಲಿ ಗಣಪತಿ ಮಾಡುತ್ತಾರೆ. ಮೈ ಸಮೇತ ಮಾಡುತ್ತಾರೆ. ಚೌತಿಯ ಹಿಂದಿನ ದಿನ ಕಾರುಗಳು ಸಾಲುಗಟ್ಟುತ್ತವೆ. ಫೈಬರ್ ತಲೆಗೆ ಹೇಳಿದ ರೇಟು ಕೊಟ್ಟು ಬಂದವರು ಇಲ್ಲಿ ಗಾಜು ಇಳಿಸಿ ಐವತ್ತು ರೂಪಾಯಿಗೆ ಜಗ್ಗಾಡುತ್ತಾರೆ. “ಮಣ್ಣು ತಾನೇ ಅಮ್ಮಾ” ಎನ್ನುತ್ತಾರೆ.

ಮಣ್ಣೇ. ಕೆರೆಯ ಜೇಡಿ. ಅದೇ ಸಿಗುತ್ತಿಲ್ಲ ಎಂಬುದು ಕುಂಬಾರರ ಗೋಳು. ಕೆರೆಯ ಅಂಗಳ ಎಲ್ಲಿ ಹೋಯಿತು? ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರದ ತನಕ ಹೋಗಿ ನೋಡಿ. ಅದರ ಮೇಲೆ ಅಪಾರ್ಟ್‌ಮೆಂಟ್ ಎದ್ದಿದೆ. ಹೆಸರು ‘ಲೇಕ್’ ಏನೋ ಒಂದು. ಲಾಬಿಯಲ್ಲಿ ಅಲಂಕಾರಕ್ಕೆ ಒಂದು ದೊಡ್ಡ ಮಣ್ಣಿನ ಮಡಕೆ. ಅದೂ ಹೊರದೇಶದ್ದು.

ಅದೇ ರಸ್ತೆ ಹಿಡಿದು ಇನ್ನೂ ಮುಂದೆ ಹೋದರೆ ಕೋಲಾರ ಜಿಲ್ಲೆ. ಅಲ್ಲಿ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ. ಊರಿಗೆ ಊರೇ ಶಿಲ್ಪಿಗಳು. ಬೆಳಗಾದರೆ ಉಳಿಯ ಸದ್ದು. ನಗರದ ಶ್ರೀಮಂತರಿಗೆ ದಾರಿ ಗೊತ್ತಿಲ್ಲ. ವಿಗ್ರಹ ಕೊಳ್ಳಲು ಬಾಲಿಗೆ ಹೋಗುವ ವಿಮಾನದ ವೇಳೆ ಗೊತ್ತು.

ಶಿಲ್ಪದಲ್ಲಿ ಅವರು ಮುಟ್ಟದ ಜಾತಿ ಇನ್ನೊಂದಿದೆ. ವೀರಗಲ್ಲು. ಸತ್ತವರ ಕಲ್ಲು, ಮನೆಗೆ ಅಶುಭವಂತೆ. ಪುಣ್ಯ, ಅಷ್ಟಾದರೂ ಕಳ್ಳರಿಂದ ಉಳಿಯಿತು. ಮೋರಿಯಿಂದ ಉಳಿಯಲಿಲ್ಲ.

ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿಗೆ ಸೇರಿದ ಆತಕೂರಿನ ಕಲ್ಲಿನ ಕತೆ ಕೇಳಿ. ಕಾಲ 949. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗರ ಬೂತುಗ ಏನು ಬೇಕು ಕೇಳು ಎಂದ. ಮಣಲೆರ ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿತು. ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಸಾವಿರ ವರ್ಷದ ಹಿಂದೆ ಪೋಷಕ ಅಂದರೆ ಅಂಥವನು. ನಾಯಿಯ ಹೆಸರನ್ನೂ ಬರೆಸಿದ. ಇವತ್ತಿನವನು ಶಿಲ್ಪಿಯ ಹೆಸರನ್ನೂ ಬರೆಸುವುದಿಲ್ಲ.

2018ರಲ್ಲಿ ಹೆಬ್ಬಾಳದಲ್ಲಿ ಕಿತ್ತಯ್ಯನ ಕಲ್ಲು ಬೆಳಕಿಗೆ ಬಂತು. ಸುಮಾರು 750ರದು. ಬೆಂಗಳೂರಿನಲ್ಲಿ ಸಿಕ್ಕ ಕನ್ನಡದ ಅತಿ ಹಳೆಯ ಬರಹಗಳಲ್ಲಿ ಒಂದು. ಈ ನಾಡಿಗಾಗಿ ಹೋರಾಡಿ ಬಿದ್ದವನು. ಅವನಿಗೊಂದು ಮಂಟಪ ಬೇಕು ಎಂದು ಓಡಾಡಿದವರು ಯಾವ ಸಂಗ್ರಾಹಕರೂ ಅಲ್ಲ. ಆ ಬೀದಿಯ ಜನ, ಶಾಸನದ ಹುಚ್ಚಿನ ಕೆಲವು ಸಾಮಾನ್ಯರು. ಅವರ ಯಾರ ಹಾಲಿನಲ್ಲೂ ಪೀಸ್ ಇರಲಾರದು.

ಊಟ ಚೆನ್ನಾಗಿತ್ತು. ಅದನ್ನು ಹೇಳಬೇಕು.

ಹೊರಡುವ ಹೊತ್ತಿಗೆ ಕೂಲಿಗಳು ಮೋರಿಯ ಚಪ್ಪಡಿ ಎತ್ತಿ ಗೋಡೆಗೆ ಆನಿಸಿದ್ದರು. ಒಳಮೈ ಹೊರಗಾಗಿತ್ತು. ಕೊಳೆ ಇಳಿಯುತ್ತಿತ್ತು. ಅದರ ನಡುವೆ ಒಂದು ಕಾಲು. ಮಂಡಿ ಬಾಗಿತ್ತು. ಇನ್ನೊಂದು ಕಾಲು. ನಡುವಿನಲ್ಲಿ ಸುರಗಿ. ಎಡಗೈಯಲ್ಲಿ ಬಿಲ್ಲು. ಬಲಗೈ ಹೆದೆ ಎಳೆಯುತ್ತಿತ್ತು.

ಕೊರಳಿಂದ ಮೇಲೆ ಇರಲಿಲ್ಲ.

ಕಾವಲಿನವರು ರಾಯಚೂರು ಕಡೆಯವರು. ನಾನು ನಿಂತದ್ದು ನೋಡಿ ಹತ್ತಿರ ಬಂದರು. “ಪಾಯ ತೋಡುವಾಗ ಸಿಕ್ಕಿತ್ರೀ ಸಾಹೇಬ್ರ. ಮೋರಿಗಿ ಉದ್ದ ಆಗತಿತ್ತು ಅಂತ ಮ್ಯಾಲಿಂದ ಒಂದ್ ಫೂಟು ಒಡಿಸಿದ್ರು.”

ಉದ್ದವಾಗುತ್ತಿತ್ತು. ಅಷ್ಟೇ. ತಿಯಾನ್‌ಲಾಂಗ್‌ಶಾನಿನಲ್ಲಿ ಭಾರವಾಗುತ್ತಿತ್ತು. ಇಲ್ಲಿ ಉದ್ದವಾಗುತ್ತಿತ್ತು. ಅಲ್ಲಿ ಬೇಕಾದದ್ದು ತಲೆ, ಇಲ್ಲಿ ಬೇಕಾದದ್ದು ಮೈ. ಬಂದವರೆಲ್ಲ ಅವನ ಬೆನ್ನು ತುಳಿದುಕೊಂಡೇ ಒಳಗೆ ಹೋಗಿದ್ದೆವು. ನಾನೂ.

ಅಷ್ಟರಲ್ಲಿ ಮನೆಯೊಡೆಯರು ಬೀಳ್ಕೊಡಲು ಗೇಟಿನ ತನಕ ಬಂದರು. ಕೈಯಲ್ಲಿ ತಾಂಬೂಲದ ಚೀಲ. ಚೀಲದ ಮೇಲೂ ಬುದ್ಧನ ತಲೆ. ನಾನು ಗೋಡೆಯ ಕಡೆ ಕೈ ತೋರಿಸಿದೆ.

ಅವರು ಒಮ್ಮೆ ನೋಡಿದರು.

“ಅಯ್ಯೋ, ಅದಾ? ಅದು ಡ್ಯಾಮೇಜ್ ಪೀಸ್ ಬಿಡಿ ಸಾರ್.”